ಇಂಜಿನ್ನಿಗೂ ಹೆಸರುಂಟು: ದೇಶಬಂಧುವಿನಿಂದ ಖೇಕಡಾವರೆಗೆ

[ದೃಶ್ಯ: ಬಳ್ಳಾರಿ ಸ್ಟೇಷನ್. ಹಂಪಿ ಎಕ್ಸ್‌ಪ್ರೆಸ್ ಪ್ಲಾಟ್‌ಫಾರ್ಮಿಗೆ ಬರುತ್ತಿದೆ. ಕ್ಯಾಮೆರಾ ನೇರ ಇಂಜಿನ್ ಮುಖಕ್ಕೆ.]

ನಿರೂಪಣೆ: ನಮಸ್ಕಾರ. ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಹಂಪಿ ಎಕ್ಸ್‌ಪ್ರೆಸ್ ಅನ್ನೋದು ಗಾಡಿಯ ಹೆಸರು, ಇಂಜಿನ್ನಿನದ್ದಲ್ಲ. ಇವತ್ತು ಇದನ್ನು ಎಳೆದ ಇಂಜಿನ್ ನಾಳೆ ಇನ್ಯಾವುದೋ ಗಾಡಿಗೆ ಹೋಗುತ್ತೆ. ಇಂಜಿನ್ನಿನ ಹೆಸರು ಬೇಕಂದ್ರೆ ಅದರ ಮೈಮೇಲೇ ಹುಡುಕಬೇಕು. ಅಲ್ಲಿ ಸಿಗೋದು ಐದಂಕಿಯ ನಂಬರು, ಮತ್ತೆ ಡಬ್ಲ್ಯುಎಪಿ-7 ಥರದ ಒಂದು ಕೋಡು.

[ಗ್ರಾಫಿಕ್: ಕೋಡಿನ ಅಕ್ಷರಗಳು ಒಂದೊಂದಾಗಿ ಹೊತ್ತಿಕೊಳ್ಳಲಿ.]

ಡಬ್ಲ್ಯು ಅಂದ್ರೆ ಬ್ರಾಡ್‌ಗೇಜ್. ಗುಂತಕಲ್–ಹುಬ್ಬಳ್ಳಿ ಲೈನು ಮೀಟರ್‌ಗೇಜ್ ಇದ್ದ ಕಾಲದಲ್ಲಿ ಇದೇ ಜಾಗದಲ್ಲಿ ವೈ ಅಂತ ಇರ್ತಿತ್ತು. ಎರಡನೇ ಅಕ್ಷರ ಡಿ ಇದ್ರೆ ಡೀಸೆಲ್, ಎ ಇದ್ರೆ ಎಸಿ ಕರೆಂಟು, ಸಿ ಇದ್ರೆ ಡಿಸಿ ಕರೆಂಟು. ಮೂರನೇದು ಕೆಲಸ: ಪಿ ಪ್ಯಾಸೆಂಜರ್, ಜಿ ಗೂಡ್ಸ್, ಎಂ ಎರಡಕ್ಕೂ, ಎಸ್ ಶಂಟಿಂಗ್, ಅಂದ್ರೆ ಬೋಗಿಗಳನ್ನು ಆಚೀಚೆ ಸರಿಸೋದು.

ಈ ಒಂದು ಅಕ್ಷರ ಬದಲಾದ್ರೆ ಒಳಗೆ ಏನು ಬದಲಾಗುತ್ತೆ ನೋಡ್ರಿ. ಡಬ್ಲ್ಯುಎಪಿ-7 ಬೇರೇನೂ ಅಲ್ಲ, ಡಬ್ಲ್ಯುಎಜಿ-9 ಗೂಡ್ಸ್ ಇಂಜಿನ್ನಿನ ಗೇರ್ ಬದಲಿಸಿ ಮಾಡಿದ್ದು. ಗೂಡ್ಸಿನಲ್ಲಿ ಮೂಲ ಗೇರ್ ಲೆಕ್ಕ 77:15, ಅಂದ್ರೆ ಗಾಲಿ ಒಂದು ಸುತ್ತು ತಿರುಗೋಕೆ ಮೋಟಾರು ಐದು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಬೇಕು. ಎಳೆಯೋ ಬಲ ಹೆಚ್ಚು, ವೇಗ ಕಮ್ಮಿ. ಪ್ಯಾಸೆಂಜರಿನಲ್ಲಿ 72:20, ಮೂರೂವರೆ ಸುತ್ತಿನ ಆಸುಪಾಸು. ತೋರಣಗಲ್ಲಿನ ಅದಿರಿನ ರೇಕಿಗೆ ಮೊದಲನೆಯದು ಬೇಕು, ರಾಯಚೂರಿನ ಮೇಲೆ ಹೋಗೋ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಎರಡನೆಯದು.

ಡೀಸೆಲ್ಲಿನಲ್ಲಿ ಎಡವೋದು ಕೊನೇ ಅಕ್ಷರದಲ್ಲಿ. ಡಬ್ಲ್ಯುಡಿಎಂ-3ಎ ಅಂದ್ರೆ 3,000 ಅಶ್ವಶಕ್ತಿ, ಎ ಅಂತ ಇನ್ನು 100, ಒಟ್ಟು 3,100. ಇದೇ ಲೆಕ್ಕ ಹಿಡಿದು ಡಬ್ಲ್ಯುಡಿಜಿ-4ಡಿ ನೋಡಿದವರು 4,400 ಅಂತಾರೆ. ತಪ್ಪು. ಅಲ್ಲಿ ಡಿ ಅಂದ್ರೆ ಎರಡೂ ತುದಿಗೆ ಡ್ರೈವರ್ ಕ್ಯಾಬ್ ಇದೆ ಅಂತ, ಶಕ್ತಿ 4,500.

[ದೃಶ್ಯ: ಇಂಜಿನ್ ಪಕ್ಕದಲ್ಲಿ ಬರೆದಿರುವ ಶೆಡ್ ಹೆಸರಿನ ಕ್ಲೋಸಪ್.]

ರೈಲು ಹುಚ್ಚಿನ ಹುಡುಗರು ಕೋಡೂ ಹೇಳಲ್ಲ. "ಹುಬ್ಬಳ್ಳಿ ಇಎಂಡಿ ಬಂತು", "ಗುತ್ತಿ ಆಲ್ಕೋ ಬಂತು" ಅಂತಾರೆ. ಊರು ಇಂಜಿನ್ನನ್ನು ನೋಡಿಕೊಳ್ಳೋ ಶೆಡ್ಡು, ಉಳಿದದ್ದು ಮೂಲ ವಿನ್ಯಾಸ ಮಾಡಿದ ಕಂಪನಿಯ ಹೆಸರು. ಇಷ್ಟರಲ್ಲೇ ಅವರಿಗೆ ಸದ್ದು ಸಮೇತ ಗೊತ್ತಾಗಿಬಿಡುತ್ತೆ.

[ದೃಶ್ಯ: ಹಳೇ ಉಗಿ ಇಂಜಿನ್ನುಗಳ ಚಿತ್ರಗಳು.]

ಈಗ ನಿಜವಾದ ಹೆಸರುಗಳಿಗೆ ಬರೋಣ. 1853ರ ಏಪ್ರಿಲ್ 16ಕ್ಕೆ ಬೋರಿಬಂದರಿನಿಂದ ಠಾಣೆಗೆ ಹೋದ ಗಾಡಿಯನ್ನು ಎಳೆದವು ಸಾಹಿಬ್, ಸಿಂಧ್, ಸುಲ್ತಾನ್. ಆ ಗಾಡಿ ಓಡಿಸಿದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿಯ ಹಳಿ 1871ರಲ್ಲಿ ರಾಯಚೂರಿಗೆ ಬಂದು ಮದ್ರಾಸ್ ರೈಲ್ವೆಯ ಹಳಿಗೆ ಕೂಡಿಕೊಂಡಿತು.

ಸ್ವಾತಂತ್ರ್ಯದ ನಂತರ ಹೆಸರಿನ ಗೌರವ ಹೆಚ್ಚಾಗಿ ಮೊದಲನೆಯದಕ್ಕೆ, ಇಲ್ಲಾಂದ್ರೆ ಕೊನೆಯದಕ್ಕೆ ಸಿಗ್ತಾ ಬಂತು. ಚಿತ್ತರಂಜನ್ ಕಾರ್ಖಾನೆಯ ಮೊದಲ ಉಗಿ ಇಂಜಿನ್ 1950ರ ದೇಶಬಂಧು. ಅಲ್ಲಿನ ಮೊದಲ ಎಲೆಕ್ಟ್ರಿಕ್ 1961ರ ಲೋಕಮಾನ್ಯ. ಆಮೇಲೆ ನವಯುಗ್, ನವೋದಿತ್, ನವಕಿರಣ್ ಅಂತ ಸಾಲಾಗಿ ಬಂದವು. ಸರ್ಕಾರಿ ಯೋಜನೆಗಳ ಪಟ್ಟಿ ಓದಿದ ಹಾಗಾಗುತ್ತೆ, ಒಂದೂ ಬಾಯಲ್ಲಿ ನಿಲ್ಲಲ್ಲ. ನಮ್ಮ ಮೆಚ್ಚಿನದು 1970ರ ಅಂತಿಮ್ ಸಿತಾರಾ, ನಂಬರು 10560. ಬ್ರಾಡ್‌ಗೇಜಿನ ಕೊನೇ ಉಗಿ ಇಂಜಿನ್ ಇದು. ಆದರೆ ಅದೇ ಕಾರ್ಖಾನೆ ಮೀಟರ್‌ಗೇಜಿನ ಉಗಿ ಇಂಜಿನ್ನುಗಳನ್ನು 1972ರ ತನಕ ಮಾಡ್ತಾನೇ ಇತ್ತು. ಕೊನೇ ನಕ್ಷತ್ರ ಮುಳುಗಿದ ಮೇಲೂ ಎರಡು ವರ್ಷ ಹೊಗೆ!

ವಿಚಿತ್ರ ಹೆಸರು ಬೇಕಂದ್ರೆ ಇಂಗ್ಲೆಂಡಿಗೆ ಹೋಗ್ಬೇಕು. 1808ರಲ್ಲಿ ರಿಚರ್ಡ್ ಟ್ರೆವಿಥಿಕ್ ಲಂಡನ್ನಿನಲ್ಲಿ ದುಂಡನೆ ಹಳಿ ಹಾಕಿ, ದುಡ್ಡು ತಗೊಂಡು ಜನರನ್ನು ಸುತ್ತಿಸಿದ ಇಂಜಿನ್ನಿನ ಹೆಸರು "ಕ್ಯಾಚ್ ಮಿ ಹೂ ಕ್ಯಾನ್", ಧೈರ್ಯ ಇದ್ರೆ ಹಿಡೀರಿ ಅಂತ. ಹಿಡಿದದ್ದು ಹಳಿಯೇ: ಇಂಜಿನ್ ಭಾರಕ್ಕೆ ಅದು ಮುರೀತು, ಆಟ ಮುಗೀತು. 1829ರ ರೈನ್‌ಹಿಲ್ ಸ್ಪರ್ಧೆಗೆ ಬಂದ ಸೈಕ್ಲೋಪೆಡ್‌ನಲ್ಲಿ ಉಗಿಯೇ ಇರಲಿಲ್ಲ, ಒಳಗೆ ಪಟ್ಟಿಯ ಮೇಲೆ ಕುದುರೆ ನಡೀತಿತ್ತು.

[ಗ್ರಾಫಿಕ್: ಎಲ್‌ಎನ್‌ಇಆರ್ ಇಂಜಿನ್ನುಗಳ ನಾಮಫಲಕಗಳು.]

ಎಲ್‌ಎನ್‌ಇಆರ್ (ಲಂಡನ್ ಆಂಡ್ ನಾರ್ತ್ ಈಸ್ಟರ್ನ್ ರೈಲ್ವೆ) ಕಂಪನಿಯವರು ತಮ್ಮ ಎಕ್ಸ್‌ಪ್ರೆಸ್ ಇಂಜಿನ್ನುಗಳಿಗೆ ರೇಸ್ ಗೆದ್ದ ಕುದುರೆಗಳ ಹೆಸರಿಟ್ಟರು. ಐಡಿಯಾ ಚೆನ್ನಾಗಿತ್ತು. ಆದರೆ ಕುದುರೆ ಮಾಲೀಕರಿಗೆ ಹೆಸರಿಡೋ ಹದ ಗೊತ್ತಿರಬೇಕಲ್ಲ? 1931ರ ಸೇಂಟ್ ಲೆಜರ್ ರೇಸ್ ಗೆದ್ದ ಕುದುರೆ ಸ್ಯಾಂಡ್‌ವಿಚ್. ಹಾಗಾಗಿ ಅಷ್ಟು ದೊಡ್ಡ ಇಂಜಿನ್ ಪಕ್ಕಕ್ಕೆ ಹಿತ್ತಾಳೆ ಅಕ್ಷರದಲ್ಲಿ ಸ್ಯಾಂಡ್‌ವಿಚ್! ಪ್ರೆಟಿ ಪಾಲಿ, ಸ್ಪಿಯರ್‌ಮಿಂಟ್ ಕೂಡ ಅದೇ ಲಾಯದವು. ಮುಂದೆ ಬಿ1 ದರ್ಜೆ ಬಂದಾಗ ಜಿಂಕೆ ಜಾತಿಯ ಪ್ರಾಣಿಗಳ ಸರದಿ: ಬಾಂಗೋ, ಪುಕು, ಕೊನೆಗೆ ಮೂರೇ ಇಂಗ್ಲಿಷ್ ಅಕ್ಷರದ ನ್ಯೂ (Gnu).

[ದೃಶ್ಯ: ದೆಹಲಿ ರೈಲು ಮ್ಯೂಸಿಯಂನ ಡಬ್ಲ್ಯುಸಿಜಿ-1.]

ಇನ್ನು ಡ್ರೈವರುಗಳೇ ಇಟ್ಟ ಹೆಸರು. ಮುಂಬೈ–ಪುಣೆ ಘಾಟಿನಲ್ಲಿ ಗೂಡ್ಸ್ ಎಳೀತಿದ್ದ ಡಬ್ಲ್ಯುಸಿಜಿ-1 ಇಂಜಿನ್ನುಗಳಲ್ಲಿ ಒಂದಕ್ಕೆ ಫಲಕದ ಮೇಲೆ ಬಾಂಬೆ ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಹೆಸರು. ಡ್ರೈವರುಗಳು ಮಾತ್ರ ಆ ಇಡೀ ಜಾತಿಯನ್ನೇ ಕರೆದದ್ದು ಖೇಕಡಾ, ಮರಾಠಿಯಲ್ಲಿ ಏಡಿ. ನಿಂತಾಗ ನರಳೋ ಸದ್ದು, ಓಡುವಾಗ ಸುಯ್ ಸುಯ್ ಅನ್ನೋ ಸದ್ದು. ಗವರ್ನರ್ ಹೆಸರು ಫಲಕದಲ್ಲೇ ಉಳೀತು, ಖೇಕಡಾ ಬಾಯಲ್ಲಿ ಉಳೀತು.

[ದೃಶ್ಯ: ಹೊಸಪೇಟೆ ಪ್ಲಾಟ್‌ಫಾರ್ಮ್.]

ನೀವು ಹೆಸರು ಹುಡುಕೋದಾದ್ರೆ ಮುಖ ಬಿಟ್ಟು ಪಕ್ಕ ನೋಡಿ, ಕ್ಯಾಬ್ ಕಿಟಕಿಯ ಕೆಳಗೆ ಅಥವಾ ಮೈಯ ನಡುಭಾಗದಲ್ಲಿ. ಬಣ್ಣದಲ್ಲಿ ಬರೆದ ಹೆಸರನ್ನು ನಂಬಿಕೊಂಡು ಕೂರಬೇಡಿ: ದೊಡ್ಡ ಓವರ್‌ಹಾಲಿಗೆ ಹೋದ ಇಂಜಿನ್ ಹೊಸ ಬಣ್ಣ ಹೊಡೆಸಿಕೊಂಡು ಬರುತ್ತೆ, ಹೆಸರು ವಾಪಸ್ ಬರೆಯೋದು ಖಾತ್ರಿ ಇಲ್ಲ. ಅದಕ್ಕೇ ಹೆಸರಿನ ಜೊತೆ ಐದಂಕಿ ನಂಬರನ್ನೂ, ಶೆಡ್ಡನ್ನೂ ಬರೆದಿಟ್ಕೊಳ್ಳಿ. ಫೋಟೋ ಪ್ಲಾಟ್‌ಫಾರ್ಮಿನಿಂದಲೇ ತೆಗೀರಿ, ಸೆಲ್ಫಿ ಸ್ಟಿಕ್ ಮೇಲಕ್ಕೆ ಎತ್ತಬೇಡಿ. ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತೆ, ಮುಟ್ಟಬೇಕಂತಿಲ್ಲ, ಹತ್ತಿರ ಹೋದ್ರೂ ಹಾರಿ ಹೊಡೆಯುತ್ತೆ.