ಮೊದಲು ನಂಬರು ಬರೆದುಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ರೈಲ್ವೆ ಗೇಟು ಹಾಕಿದಾಗ ನಾವೆಲ್ಲ ಏನು ಮಾಡುತ್ತೇವೆ? ಇಂಜಿನ್ನು ಬರುವ ತನಕ ಕತ್ತು ಚಾಚಿ ನೋಡುತ್ತೇವೆ. ಮಕ್ಕಳಿದ್ದರೆ ಎತ್ತಿ ತೋರಿಸುತ್ತೇವೆ. ಇಂಜಿನ್ನು ದಾಟಿತೋ, ನೋಡುವುದು ಮುಗಿಯಿತು. ಹಿಂದಿನ ಡಬ್ಬಿಗಳು ಬೇಗ ಹೋದರೆ ಸಾಕು ಅಂತ ಗಡಿಯಾರ ನೋಡಿಕೊಳ್ಳುತ್ತೇವೆ. ನಾನು ಇವತ್ತು ಮಾತಾಡುವುದು ಆ ಡಬ್ಬಿಗಳ ಬಗ್ಗೆ, ಅದರಲ್ಲೂ ಬ್ರಿಟನ್ನಿನ ಹಳೆಯ ಗೂಡ್ಸ್ ವ್ಯಾಗನ್‌ಗಳ ಬಗ್ಗೆ. ಕೆಲಸದ ಮೇಲೆ ಇಂಗ್ಲೆಂಡಿನ ಡರ್ಬಿ ಊರಿಗೆ ಹೋದವನು ಅಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ರಜೆ ಸಿಕ್ಕಾಗಲೆಲ್ಲ ಇವುಗಳ ಫೋಟೋ ತೆಗೆದಿದ್ದೇನೆ, ಇವುಗಳ ಚರಿತ್ರೆ ಹುಡುಕಿದ್ದೇನೆ.

ಅಲ್ಲಿನ ರೈಲ್ವೆ 1948ರ ಜನವರಿ 1ರಂದು ರಾಷ್ಟ್ರೀಕರಣವಾಯಿತು. ಆ ದಿನ ಸರ್ಕಾರದ ಕೈಗೆ ಬಂದ ಉಗಿ ಇಂಜಿನ್ನುಗಳು ಸುಮಾರು 20,000. ವ್ಯಾಗನ್‌ಗಳು ಸುಮಾರು 12 ಲಕ್ಷ. ಒಂದು ಇಂಜಿನ್ನಿಗೆ ಅರವತ್ತು ವ್ಯಾಗನ್. ಆದರೆ ಹಳೆಯ ಫೋಟೋಗಳನ್ನು ತೆಗೆದು ನೋಡಿ, ಇಂಜಿನ್ನು ಚಿತ್ರದ ತುಂಬ, ವ್ಯಾಗನ್‌ಗಳು ಅದರ ಬಾಲದಲ್ಲಿ ಮಸುಕು ಮಸುಕು. ನಾಡಿಗೆ ಕಲ್ಲಿದ್ದಲು, ಮೀನು, ಹಾಲು, ಉಪ್ಪು ಎಲ್ಲವನ್ನೂ ಹೊತ್ತು ತಂದ ಡಬ್ಬಿಗೆ ಫೋಟೋದಲ್ಲಿ ಜಾಗವಿಲ್ಲ. ಈ ಅನ್ಯಾಯ ನನಗೆ ಇವತ್ತಿಗೂ ಸಹಿಸಲಾಗದು.

ಈ ಭಾಷಣದಲ್ಲಿ ನೀವು ಒಂದೇ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು. ವ್ಯಾಗನ್ನಿನ ಫೋಟೋ ತೆಗೆಯುವ ಮೊದಲು ಅದರ ನಂಬರು ಬರೆದುಕೊಳ್ಳಿ. ಮೊದಲು ನಂಬರು, ಆಮೇಲೆ ಫೋಟೋ.

ನಂಬರಿಗೆ ಯಾಕಿಷ್ಟು ಬೆಲೆ ಅಂತ ಕೇಳಬಹುದು. ನಿಮ್ಮ ಊರಿನಲ್ಲಿ ಹಸುವಿನ ಕಿವಿಗೆ ಹಳದಿ ಬಿಲ್ಲೆ ಹಾಕಿರುವುದನ್ನು ನೋಡಿದ್ದೀರಲ್ಲ. ನೂರು ಹಸು ಒಟ್ಟಿಗೆ ನಿಂತರೂ ಆ ಬಿಲ್ಲೆ ನೋಡಿ ಇದು ಇಂಥವರ ಹಸು ಅಂತ ಹೇಳಬಹುದು. ವ್ಯಾಗನ್ನಿನ ನಂಬರೂ ಹಾಗೇ. ಒಂದು ಕಂಪನಿಯ ವ್ಯಾಗನ್ನು ಇನ್ನೊಂದು ಕಂಪನಿಯ ಹಳಿಯ ಮೇಲೆ ಓಡಿದರೆ ಬಾಡಿಗೆ ಯಾರು ಯಾರಿಗೆ ಕೊಡಬೇಕು? ಆ ಲೆಕ್ಕ ನೋಡುವುದಕ್ಕೆಂದೇ 1842ರಲ್ಲಿ ರೈಲ್ವೆ ಕ್ಲಿಯರಿಂಗ್ ಹೌಸ್ ಅನ್ನುವ ಸಂಸ್ಥೆ ಹುಟ್ಟಿತು. ಅದರ ಗುಮಾಸ್ತರು ಜಂಕ್ಷನ್‌ಗಳಲ್ಲಿ ಮಳೆ, ಹಿಮ ಅನ್ನದೆ ನಿಂತು, ಹಾದು ಹೋಗುವ ವ್ಯಾಗನ್‌ಗಳ ನಂಬರನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಅಂದರೆ ಆ ನಂಬರು ಬರೆದಿದ್ದೇ ಇನ್ನೊಬ್ಬರು ನೋಡಿ ಬರೆದುಕೊಳ್ಳಲಿ ಅಂತ.

ನಂಬರಿನ ಅಂಕಿಗಳಿಗೂ ಮೊದಲು ಒಂದು ಅಕ್ಷರ ಇರುತ್ತದೆ. 'ಡಬ್ಲ್ಯು' ಇದ್ದರೆ ಹಳೆಯ ಗ್ರೇಟ್ ವೆಸ್ಟರ್ನ್ ಕಂಪನಿಯದು. 'ಪಿ' ಇದ್ದರೆ ಗಣಿ ಮಾಲೀಕರದ್ದೋ ಕಲ್ಲಿದ್ದಲು ವ್ಯಾಪಾರಿಯದ್ದೋ ಖಾಸಗಿ ವ್ಯಾಗನ್. 'ಬಿ' ಇದ್ದರೆ ರಾಷ್ಟ್ರೀಕರಣದ ನಂತರ ಕಟ್ಟಿದ್ದು. ಬಣ್ಣವೂ ಮಾತಾಡುತ್ತದೆ. ರಾಷ್ಟ್ರೀಕರಣದ ನಂತರ ಇಂಜಿನ್ನಿನಿಂದಲೇ ಬ್ರೇಕ್ ಹಾಕಬಹುದಾದ ವ್ಯಾಗನ್‌ಗೆ ಕೆಂಗಂದು ಬಣ್ಣ, ಕೈ ಬ್ರೇಕ್ ಮಾತ್ರ ಇದ್ದದ್ದಕ್ಕೆ ಬೂದು ಬಣ್ಣ. ಆದರೆ ಬಣ್ಣ ಮಾಸುತ್ತದೆ, ಮೇಲೆ ಇನ್ನೊಂದು ಬಣ್ಣ ಬೀಳುತ್ತದೆ. ಭರವಸೆಯ ಗುರುತು ನಂಬರೇ.

ಇದನ್ನು ನನಗೆ ಕಲಿಸಿದ್ದು ಒಂದು ಕುರಿಗಾರರ ಮನೆಯ ಕೊಟ್ಟಿಗೆ. ಆ ಕಥೆ ಹೇಳಲೇಬೇಕು.

ಡರ್ಬಿಯ ಉತ್ತರಕ್ಕೆ ಗುಡ್ಡಗಾಡು. ಒಂದು ಭಾನುವಾರ ಅಲ್ಲಿ ನಡೆದುಕೊಂಡು ಹೋಗುತ್ತಿದ್ದಾಗ ಇಳಿಜಾರಿನ ಹೊಲದಲ್ಲಿ ಒಂದು ಮರದ ಡಬ್ಬಿ ಕಂಡಿತು. ಚಕ್ರವಿಲ್ಲ, ಅಡಿಯ ಕಬ್ಬಿಣದ ಚೌಕಟ್ಟಿಲ್ಲ. ನಾಲ್ಕು ಕಲ್ಲಿನ ಮೇಲೆ ಕೂತಿತ್ತು. ರೈಲ್ವೆಯವರು ಹಳೆಯ ವ್ಯಾನ್‌ಗಳ, ಅಂದರೆ ಮಾಡು ಇರುವ ಮುಚ್ಚಿದ ವ್ಯಾಗನ್‌ಗಳ, ಮೇಲುಭಾಗವನ್ನು ರೈತರಿಗೆ ಮಾರುತ್ತಿದ್ದರು. ಮಳೆ ತಡೆಯುವ ಗಟ್ಟಿ ಕೊಟ್ಟಿಗೆ ಕಡಿಮೆ ದುಡ್ಡಿಗೆ ಸಿಗುತ್ತಿತ್ತು. ಇದಕ್ಕೆ ರೈತರು ಹಸಿರು ಬಣ್ಣ ಬಳಿದಿದ್ದರು. ಮನೆಯಾಕೆಯನ್ನು ಕೇಳಿ, ಬೇಲಿ ದಾಟಿ, ನಾಲ್ಕೂ ಕಡೆಯಿಂದ ಹನ್ನೆರಡು ಫೋಟೋ ತೆಗೆದೆ. ಆಗ ಫಿಲ್ಮ್ ರೋಲಿನ ಕಾಲ, ಹನ್ನೆರಡು ಅಂದರೆ ಸಣ್ಣ ಖರ್ಚಲ್ಲ.

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯರಿದ್ದರು. ವ್ಯಾಗನ್ ತಪಾಸಣೆ ಮಾಡುತ್ತಿದ್ದವರು. ಚಕ್ರಕ್ಕೆ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಬಿರುಕು ಹೇಳುತ್ತಿದ್ದರು. ಫೋಟೋಗಳನ್ನು ಅವರ ಮುಂದೆ ಇಟ್ಟೆ. ಒಂದೊಂದನ್ನೂ ನಿಧಾನವಾಗಿ ನೋಡಿ ಕೇಳಿದರು: "ಇದು ಯಾವ ವ್ಯಾನು?"

"ಹಳೆಯ ಗೂಡ್ಸ್ ವ್ಯಾನು" ಅಂದೆ.

"ಅದು ನನಗೂ ಕಾಣುತ್ತದೆ. ಯಾವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಂಬರು ಅಳಿಸಿ ಹೋಗಿದೆ ಅಂದೆ. "ಅಳಿಸಿಲ್ಲ. ನೀವು ಹೋದ ಹೊತ್ತು ಸರಿಯಿಲ್ಲ" ಅಂದರು.

ಜನವರಿಯಲ್ಲಿ ಒಂದು ದಿನ ಆಕಾಶ ತಿಳಿಯಾಗಿತ್ತು. ಬೆಳಗಿನ ಎಂಟೂವರೆಗೆ ನನ್ನನ್ನು ಹೊರಡಿಸಿಕೊಂಡು ಹೋದರು. ಅಲ್ಲಿ ಚಳಿಗಾಲದ ಸೂರ್ಯ ನೆತ್ತಿಗೇರುವುದಿಲ್ಲ, ಗುಡ್ಡದ ಅಂಚಿನಲ್ಲೇ ಸಾಗುತ್ತಾನೆ. ಬಿಸಿಲು ಆ ಮರದ ಗೋಡೆಯ ಮೇಲೆ ನೇರ ಬೀಳದೆ ಪಕ್ಕದಿಂದ ಸವರಿಕೊಂಡು ಹೋಯಿತು. ಗೋಡೆಯ ಎಡಗಡೆ, ಕೆಳಗೆ, ಹಸಿರು ಬಣ್ಣದ ಅಡಿಯಿಂದ ಅಕ್ಷರಗಳು ಎದ್ದು ನಿಂತವು! ಹಳೆಯ ಕಾಲದ ದಪ್ಪ ಬಿಳಿ ಬಣ್ಣ ಮರವನ್ನು ಕಾಪಾಡಿತ್ತು, ಸುತ್ತಲಿನ ಮರ ಸವೆದಿತ್ತು. ಹಾಗಾಗಿ ಅಂಕಿಗಳು ಕೂದಲೆಳೆಯಷ್ಟು ಉಬ್ಬಿ ಉಳಿದಿದ್ದವು. ಮೊದಲು 'ಬಿ'. ಆಮೇಲೆ ಒಂದೊಂದಾಗಿ ಆರು ಅಂಕಿ. ಒಂದು ಮಾತ್ರ ಮೂರೋ ಎಂಟೋ ತಿಳಿಯದು. ಹಿರಿಯರು ಜೇಬಿನಿಂದ ತೆಳು ಕಾಗದ ತೆಗೆದು ಗೋಡೆಗೆ ಒತ್ತಿ ಹಿಡಿದು ಮೆತ್ತನೆಯ ಪೆನ್ಸಿಲ್ ಉಜ್ಜಿದರು. ನಾವು ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಅದೇ ವಿದ್ಯೆ. ಎಂಟು ಅಂತ ಗೊತ್ತಾಯಿತು. ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ದುಂಡನೆಯ ಗುರುತೂ ಮೂಡಿತು. ಉಗುರಿನಿಂದ ಕೆರೆದರೆ ಅಡಿಯಲ್ಲಿ ಹಳದಿ.

ಮನೆಯಾಕೆ ಚಹಾ ತಂದು ಕೊಟ್ಟು ಒಂದು ಮಾತು ಹೇಳಿದರು. ಚಳಿಯಲ್ಲಿ ಹುಟ್ಟಿದ ನಿತ್ರಾಣದ ಕುರಿಮರಿಗಳನ್ನು ಬೇರೆಲ್ಲೂ ಬಿಡದೆ ಈ ಡಬ್ಬಿಯೊಳಗೇ ಬಿಡುತ್ತಾರಂತೆ, ಯಾಕೋ ಇದರೊಳಗೆ ಬೆಚ್ಚಗಿರುತ್ತದಂತೆ.

ನಂಬರು ಹಿಡಿದುಕೊಂಡು ದಾಖಲೆ ನೋಡಿದೆವು. ಅದು 1950ರ ದಶಕದಲ್ಲಿ ಕಟ್ಟಿದ ಬಾಳೆಹಣ್ಣಿನ ವ್ಯಾನು!

ಬಾಳೆ ಬೆಳೆಯುವ ನಾಡಿನ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿ ಬಾಳೆಗೊನೆಗೆ ಚಳಿ ಹೊಡೆದರೆ ಸಿಪ್ಪೆ ಕಪ್ಪಾಗುತ್ತದೆ, ಹಣ್ಣಾಗುವುದೇ ಇಲ್ಲ. ಜಮೈಕಾ ಕಡೆಯಿಂದ ಹಡಗಿನಲ್ಲಿ ಹಸಿರು ಗೊನೆಗಳು ಏವನ್‌ಮೌತ್‌ನಂಥ ಬಂದರಿಗೆ ಬಂದು ಇಳಿಯುತ್ತಿದ್ದವು. ಅಲ್ಲಿಂದ ಊರೂರಿಗೆ ರೈಲಿನಲ್ಲಿ ಹೋಗಬೇಕು, ಹೊರಗೆ ಹಿಮ. ಅದಕ್ಕೇ ಈ ವ್ಯಾನಿಗೆ ಎರಡು ಪದರದ ಗೋಡೆ, ನಡುವೆ ಚಳಿ ತಡೆಯುವ ಹೂರಣ, ಇಂಜಿನ್ನಿನಿಂದ ಉಗಿ ತರುವ ಕೊಳವೆ. ಆ ಹಳದಿ ಬೊಟ್ಟು ಇಂಥ ಬಾಳೆಹಣ್ಣಿನ ವ್ಯಾನುಗಳ ಗುರುತು. ಜಮೈಕಾದ ಬಾಳೆಗೆಂದು ಕಟ್ಟಿದ ಗೋಡೆ ಆ ಗುಡ್ಡದಲ್ಲಿ ಕುರಿಮರಿಗಳನ್ನು ಬದುಕಿಸುತ್ತಿತ್ತು. ಹನ್ನೆರಡು ಫೋಟೋಗಳಲ್ಲಿ ಇದರ ಸುಳಿವೇ ಇರಲಿಲ್ಲ, ಹೇಳಿದ್ದು ಏಳು ಗುರುತುಗಳ ಆ ನಂಬರು. ಮನೆಯಾಕೆಗೆ ಕಾಗದ ಬರೆದು ತಿಳಿಸಿದೆ. ಅವರ ಉತ್ತರವನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಹೊತ್ತು ಆಗುತ್ತಿದೆ ಅಂತ ಇಲ್ಲಿ ಸನ್ನೆ ಮಾಡುತ್ತಿದ್ದಾರೆ. ಇನ್ನೆರಡು ವಿಷಯ ಬೇಗ ಹೇಳುತ್ತೇನೆ.

ಕಾರ್ಖಾನೆಯವರೇ ತೆಗೆಸಿದ ಹಳೆಯ ಫೋಟೋಗಳಿವೆ. ಗ್ಲಾಸ್ಟರ್ ಊರಿನ ವ್ಯಾಗನ್ ಕಂಪನಿಯ ಸಂಗ್ರಹ ಬಹಳ ದೊಡ್ಡದು, ಆ ಜಿಲ್ಲೆಯ ದಾಖಲೆ ಭಂಡಾರದಲ್ಲಿದೆ. ಆದರೆ ಅವುಗಳನ್ನು ನೋಡಿ ಬಣ್ಣ ಹೇಳಬೇಡಿ. ಅಂದಿನ ಫಿಲ್ಮಿಗೆ ಕೆಂಪು ಕಪ್ಪಾಗಿ ಕಾಣುತ್ತಿತ್ತು, ನೀಲಿ ಬೆಳ್ಳಗೆ ಕಾಣುತ್ತಿತ್ತು. ಎಷ್ಟೋ ಕಾರ್ಖಾನೆಗಳು ಫೋಟೋಕ್ಕೆಂದೇ ಬೂದು ಬಣ್ಣ ಬಳಿಯುತ್ತಿದ್ದವು. ಅಲ್ಲೂ ನಂಬರು ಓದಿ, ಆಮೇಲೆ ಲೆಕ್ಕದ ಪುಸ್ತಕ ನೋಡಿ.

ಎರಡನೆಯದು ವೇಲ್ಸಿನ ಬ್ಯಾರಿ ಊರಿನ ಗುಜರಿ ಅಂಗಳ. ಅಲ್ಲಿಂದ 213 ಉಗಿ ಇಂಜಿನ್ನುಗಳು ಉಳಿದು ಬಂದವು ಅಂತ ಜಗತ್ತೆಲ್ಲ ಕೊಂಡಾಡುತ್ತದೆ. ಅವು ಉಳಿದದ್ದು ಹೇಗೆ? ವ್ಯಾಗನ್ ಒಡೆಯುವುದು ಸುಲಭ ಅಂತ ಅಂಗಳದವರು ಮೊದಲು ವ್ಯಾಗನ್‌ಗಳನ್ನು ಒಡೆದರು, ಇಂಜಿನ್ನುಗಳನ್ನು ಪಕ್ಕಕ್ಕೆ ನಿಲ್ಲಿಸಿದರು. ಆ ವ್ಯಾಗನ್‌ಗಳ ನಂಬರು ಎಷ್ಟು ಜನ ಬರೆದುಕೊಂಡಿರಬಹುದು?

ಫೋಟೋ ತೆಗೆಯುವ ಕ್ರಮ ಸರಳ. ಮೂಲೆಯಿಂದ ಅಂದವಾಗಿ ತೆಗೆಯುವುದು ಆಮೇಲೆ, ಮೊದಲು ಎದುರು ನಿಂತು ಪೂರ್ತಿ ಪಕ್ಕ ತೆಗೆಯಿರಿ. ನಂಬರು, ಅಡಿಯ ಚೌಕಟ್ಟಿನ ಮೇಲಿನ ಎರಕದ ಫಲಕ, ಬ್ರೇಕಿನ ಸನ್ನೆಕೋಲು, ಚಕ್ರದ ಅಚ್ಚಿನ ತುದಿಯ ಪೆಟ್ಟಿಗೆ, ಇವನ್ನು ಹತ್ತಿರದಿಂದ ಬೇರೆ ಬೇರೆ ತೆಗೆಯಿರಿ. ತೆಳು ಮೋಡದ ದಿನ ಒಳ್ಳೆಯದು, ಅಡಿಭಾಗ ಕತ್ತಲಾಗುವುದಿಲ್ಲ. ಅಳಿಸಿದ ನಂಬರಿಗೆ ಮಾತ್ರ ಓರೆ ಬಿಸಿಲು ಬೇಕು, ಬಿಸಿಲಿಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಬಿಡಿ. ಹಳಿಯ ಮೇಲೆ ಕಾಲಿಡಬೇಡಿ, ಇನ್ನೊಬ್ಬರ ಜಾಗವಾದರೆ ಕೇಳಿಯೇ ಒಳಗೆ ಹೋಗಿ.

ಬ್ರಿಟನ್ನಿಗೆ ಹೋಗುವ ತನಕ ಕಾಯಬೇಕಿಲ್ಲ. ನಾಳೆ ಗೇಟು ಬಿದ್ದಾಗ ನಮ್ಮ ವ್ಯಾಗನ್‌ಗಳನ್ನೇ ನೋಡಿ, ಹನ್ನೊಂದು ಅಂಕಿಯ ನಂಬರು ಇರುತ್ತದೆ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ, ಮುಂದಿನ ಎರಡು ಅದು ಯಾವ ರೈಲ್ವೆಯದು, ಐದನೆಯದೂ ಆರನೆಯದೂ ಅದು ತಯಾರಾದ ವರ್ಷ. ಕೈಯಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್ ಇರಲಿ. ಇಂಜಿನ್ನು ದಾಟಿದ ಮೇಲೆ ಶುರುಮಾಡಿ.

ನಮಸ್ಕಾರ.