ಕಲ್ಲಿಗೆ ಪೂಜೆ ಮಾಡದೆ ಉಣ್ಣಬೇಡ

ವೇದಿಕೆಯ ಮೇಲಿರುವ ಪ್ರಾಂಶುಪಾಲರೆ, ಮಾಜಿ ಸೈನಿಕರಾದ ಹಿರಿಯರೆ, ಎನ್‌ಸಿಸಿ ಮಕ್ಕಳೆ, ಮದ್ದೂರು ಸೀಮೆಯ ಬಂಧುಗಳೆ,

ಇವತ್ತು ಜುಲೈ 26, ಕಾರ್ಗಿಲ್ ದಿನ. ಈ ದಿನದ ಭಾಷಣ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಒಬ್ಬರಾದರೂ ಮೈಕು ಹಿಡಿದು, "ಸಿನಿಮಾದವರು ಸತ್ತರೆ ಲಕ್ಷ ಜನ ಸೇರ್ತೀರಿ, ಯೋಧ ಸತ್ತರೆ ಎಷ್ಟು ಜನ ಬರ್ತೀರಿ?" ಅಂತ ಮಕ್ಕಳನ್ನು ಗದರುತ್ತಾರೆ. ಮೇಷ್ಟ್ರಾಗಿದ್ದಷ್ಟು ಕಾಲ ನಾನೂ ಹೀಗೇ ಗದರಿದವನು. ಆ ಮಾತು ಸರಿಯಲ್ಲ ಅಂತ ನನಗೆ ತಿಳಿಸಿಕೊಟ್ಟವರು ಮಗನನ್ನು ಕಳೆದುಕೊಂಡ ಒಬ್ಬ ತಾಯಿ. ಅವರ ಮಾತನ್ನು ನಿಮಗೆ ಮುಟ್ಟಿಸೋಣ ಅಂತಲೇ ಬಂದಿದ್ದೇನೆ.

ನಮ್ಮ ತಾಲ್ಲೂಕಿಗೆ ಈ ವಿಷಯ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2018ರ ನವೆಂಬರ್ 24ರಂದು ಅಂಬರೀಷ್ ತೀರಿಕೊಂಡರು. ದೊಡ್ಡರಸಿನಕೆರೆಯ ಮಗ. ಮಂಡ್ಯದ ಜನ ಕೊನೆಯ ಸಲ ಮುಖ ನೋಡಬೇಕು ಅಂತ ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ತಂದರು, ಇಲ್ಲಿಯ ಮಣ್ಣನ್ನು ಹಣೆಗಿಟ್ಟು ಕಳಿಸಿಕೊಟ್ಟೆವು. ಅದಾಗಿ ಮೂರು ತಿಂಗಳು ತುಂಬಿರಲಿಲ್ಲ, 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜನ ಹೋದರು. ಅವರಲ್ಲಿ ಗುಡಿಗೆರೆಯ ಗುರು ಒಬ್ಬರು. ಇದೇ ಮದ್ದೂರು ತಾಲ್ಲೂಕು. ಆವತ್ತು ರಸ್ತೆಯ ಎರಡೂ ಕಡೆ ನಿಂತಿದ್ದವರಲ್ಲಿ ನಾನೂ ಒಬ್ಬ. ಕತ್ತಲಾದರೂ ಒಬ್ಬರೂ ಮನೆಗೆ ಹೋಗಲಿಲ್ಲ. ನಮ್ಮ ಜನಕ್ಕೆ ಯೋಧನಿಗಾಗಿ ಅಳುವುದು ಗೊತ್ತಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಎರಡು ಸಲವೂ ಸೇರಿದ್ದು ಅದೇ ಜನ, ಸುರಿಸಿದ್ದು ಅದೇ ಕಣ್ಣೀರು. ವ್ಯತ್ಯಾಸ ಬರುವುದು ಆಮೇಲೆ, ಹನ್ನೊಂದನೇ ದಿನ ಕಳೆದ ಮೇಲೆ.

ಈಗ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಅವರ ಮಗ ನನ್ನ ಶಿಷ್ಯ. ಎಂಟನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ನನ್ನ ಕಣ್ಣೆದುರಿಗೇ ಬೆಳೆದ. ಮಿಲ್ಟ್ರಿಗೆ ಸೇರಿದ, ಕಾಶ್ಮೀರದಲ್ಲಿ ತೀರಿಕೊಂಡ. ಕೈಗೆ ಮೊಬೈಲು ಬರುವುದಕ್ಕೆ ಮುಂಚಿನ ಕಾಲ. ಪೆಟ್ಟಿಗೆಯಲ್ಲಿ ದೇಹ ಬಂತು, ಬಾವುಟ ಬಂತು, ಮಂತ್ರಿಗಳು ಬಂದರು, ಗಾಳಿಯಲ್ಲಿ ಗುಂಡು ಹಾರಿಸಿದರು. ಇದೆಲ್ಲ ಆಗಿ ಎರಡು ತಿಂಗಳ ಮೇಲೆ ಅವನ ಕಪ್ಪು ಟ್ರಂಕು ಬಂತು. ಆವತ್ತು ಯಾರೂ ಇರಲಿಲ್ಲ. ಬೀಗ ತೆಗೆಯುವುದಕ್ಕೆ ಧೈರ್ಯ ಸಾಲದೆ ಆಯಮ್ಮ ನನಗೆ ಹೇಳಿಕಳಿಸಿದರು.

ತೆಗೆದೆವು. ಮೇಲೆ ಮಡಿಸಿಟ್ಟ ಕಂಬಳಿ. ಅದರ ಕೆಳಗೆ ಬೂಟಿನ ಬ್ರಷ್ಷು, ಅರ್ಧ ಖಾಲಿಯಾದ ಪಾಲಿಶ್ ಡಬ್ಬಿ. ಪಾಲಿಶಿನ ಮೇಲೆ ಬೆರಳು ಎಳೆದ ಗುರುತು ಹಾಗೇ ಇತ್ತು. ಸೋಪಿನ ಡಬ್ಬಿ, ಅದರೊಳಗೆ ಒಣಗಿ ಬಿರುಕು ಬಿಟ್ಟ ಸೋಪಿನ ಚೂರು. ಒಂದು ಕಟ್ಟು ಇನ್‌ಲ್ಯಾಂಡ್ ಪತ್ರ. ಬುಡದಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಹುರಿಗಾಳು. ಊರಿಂದ ಹೋಗುವಾಗ ತಾಯಿ ಕಟ್ಟಿಕೊಟ್ಟಿದ್ದು. ಒಂದು ಹಿಡಿ ಮಿಕ್ಕಿತ್ತು. ಆಯಮ್ಮ ಅದನ್ನು ಸೆರಗಿಗೆ ಸುರಿದುಕೊಂಡು, "ಪೂರ್ತಿ ತಿಂದಿಲ್ಲ ಕನಾ ಮೇಷ್ಟ್ರೇ" ಅಂದರು. ಅಷ್ಟೇ ಅಂದಿದ್ದು. ಇವತ್ತಿಗೂ ಪಿತೃಪಕ್ಷದಲ್ಲಿ ಅವನಿಗೆ ಎಡೆ ಇಡುವಾಗ ಬಾಳೆಎಲೆಯ ಒಂದು ಮೂಲೆಯಲ್ಲಿ ಹುರಿಗಾಳು ಇರುತ್ತದೆ. ಬಾಡು, ವಡೆ, ಕಜ್ಜಾಯ ಎಲ್ಲ ಆಮೇಲೆ.

2021ರ ಅಕ್ಟೋಬರ್ 29. ಅಪ್ಪು ಹೋದ ದಿನ. 46 ವಯಸ್ಸು. ಮಧ್ಯಾಹ್ನದಿಂದ ಊರೇ ಸ್ತಬ್ಧ. ಸಂಜೆ ನಾನು ಆಯಮ್ಮನ ಮನೆಗೆ ಹೋದೆ. ನನ್ನೊಳಗೆ ಒಂದು ಸಿಟ್ಟಿತ್ತು, ಮುಚ್ಚಿಡುವುದಿಲ್ಲ: ಇವರ ಮಗನ ದಿನಕ್ಕೆ ನಾಲ್ಕು ಜನ ಬರುವುದಿಲ್ಲ, ಇವತ್ತು ನೋಡು ಅಂತ. ಹೋಗಿ ನೋಡಿದರೆ ಆಯಮ್ಮ ಟೀವಿ ಮುಂದೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಾರೆ. ನಾನು ನಿಂತೇ ಇದ್ದೆ. ತುಸು ಹೊತ್ತಾದ ಮೇಲೆ ಅವರೇ ಹೇಳಿದರು: "ಇವ್ರ ದನಿ ಇರ್ತದೆ ಬುಡಿ ಮೇಷ್ಟ್ರೇ, ಬೇಕು ಅಂದಾಗ ಹಾಕೊಂಡು ಕೇಳ್‌ಬೋದು. ನನ್ ಹೈದನ ದನಿ ನಂಗೇ ಮರ್ತೋಗದೆ."

ಈ ಮಾತನ್ನು ಇಷ್ಟು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ನಾವು ಯಾರಿಗೆ ಅಳುತ್ತೇವೆ ಹೇಳಿ? ಪರಿಚಯ ಇದ್ದವರಿಗೆ. ಅಪ್ಪು ನಗು ನಮಗೆ ಗೊತ್ತು, ನಡಿಗೆ ಗೊತ್ತು, ಕುಣಿತ ಗೊತ್ತು. ಮಗುವಾಗಿದ್ದಾಗಿನಿಂದ ಕಂಡವರು ನಾವು. ಕಂಠೀರವ ಕ್ರೀಡಾಂಗಣದಲ್ಲಿ ಸಾಲು ನಿಂತ ಲಕ್ಷಾಂತರ ಜನ ತಮ್ಮ ಮನೆಯ ಹುಡುಗ ಹೋದ ಅಂತಲೇ ನಿಂತಿದ್ದರು. ಆ ದುಃಖದಲ್ಲಿ ಏನೂ ಖೋಟಾ ಇರಲಿಲ್ಲ. ಯೋಧನ ಪರಿಚಯ ನಮಗಾಗುವುದು ಪೆಟ್ಟಿಗೆಯ ಮೇಲೆ ಅಂಟಿಸಿದ ಫೋಟೋದಿಂದ. ಅದಕ್ಕೇ ನಾನು ಹೇಳುವುದು, ಅಳು ತಾನಾಗಿ ಬರುತ್ತದೆ, ನೆನಪನ್ನು ಮಾತ್ರ ದುಡಿದು ಉಳಿಸಿಕೊಳ್ಳಬೇಕು.

ಸಿಯಾಚಿನ್ ನೆನಪಿಸಿಕೊಳ್ಳಿ. 2016ರ ಫೆಬ್ರವರಿ 3. ಸೋನಂ ಪೋಸ್ಟ್, 19,600 ಅಡಿ ಎತ್ತರ. ಹಿಮ ಕುಸಿದು ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದರು. ದೆಹಲಿಯ ಆಸ್ಪತ್ರೆಯಲ್ಲಿ ಅವರು ಇದ್ದಷ್ಟು ದಿನ ನಾವು ಹೇಗಿದ್ದೆವು? ಗುಡಿ, ದರ್ಗಾ, ಚರ್ಚು ಎಲ್ಲ ಕಡೆ ಪ್ರಾರ್ಥನೆ. ಫೆಬ್ರವರಿ 11ರಂದು ಅವರು ಹೋದಾಗ ಇಡೀ ದೇಶ ಅತ್ತಿತು. ಯಾಕೆ? ಆ ಮೂರು ದಿನದಲ್ಲಿ ಅವರ ಹೆಂಡತಿ, ಪುಟ್ಟ ಮಗು, ಊರು ಎಲ್ಲ ನಮಗೆ ಪರಿಚಯವಾಗಿಬಿಟ್ಟಿದ್ದವು. ಅದೇ ಹಿಮದಡಿ ನಮ್ಮವರು ಇನ್ನಿಬ್ಬರಿದ್ದರು: ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ. ಈ ಎರಡು ಹೆಸರು ಗೊತ್ತಿದ್ದವರು ಕೈ ಎತ್ತಿ. ... ಹಿಂದಿನ ಸಾಲಿನಲ್ಲಿ ಮೂರು ಕೈ ಕಾಣುತ್ತಿವೆ, ಸಂತೋಷ. ನೋಡಿ, ಅದೇ ಹಿಮ, ಅದೇ ಪೋಸ್ಟು, ಅದೇ ಪಲ್ಟನ್. ಪರಿಚಯವಾದವರು ಉಳಿದರು, ಆಗದವರು ಎರಡನೇ ಸಲ ಹೂತುಹೋದರು.

ಹಾಗಾದರೆ ನೆನಪಿಗೆ ಏನು ದುಡಿಯಬೇಕು? ಇದಕ್ಕೆ ಉತ್ತರ ಇದೇ ತಾಲ್ಲೂಕಿನಲ್ಲಿದೆ, ಸಾವಿರ ವರ್ಷಕ್ಕೂ ಹಳೆಯದು. ಆತಕೂರು ಎಷ್ಟು ದೂರ ಇಲ್ಲಿಂದ? ಆ ಊರಿನ ಶಾಸನ ಕ್ರಿ.ಶ. 949ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮಣಲೇರ ಅನ್ನುವ ವೀರ ಚೆನ್ನಾಗಿ ಕಾದಿದ. ಅರಸ ಏನು ಬೇಕೋ ಕೇಳು ಅಂದಾಗ ಆತ ಕೇಳಿದ್ದು ಒಂದು ಬೇಟೆನಾಯಿ. ಹೆಸರು ಕಾಳಿ. (ನಗಬೇಡಿ ಮಕ್ಕಳೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು, ನಾಯಿ ಕೇಳಿದ. ಅವನ ಪ್ರೀತಿ ಅಂಥದ್ದು.) ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ಏನು ಮಾಡಿದ? ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿದ. ಹಂದಿಯೊಡನೆ ಕಾದುವ ನಾಯಿಯನ್ನು ಕೆತ್ತಿಸಿದ. ನಡೆದದ್ದನ್ನು ಬರೆಸಿದ. ಜಮೀನು ಬಿಟ್ಟ. ಕೊನೆಗೆ ಒಂದು ಮಾತು ಸೇರಿಸಿದ. ಆ ಸ್ಥಾನ ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ.

ಈ ಕೊನೆಯ ಸಾಲು ನನ್ನನ್ನು ಬಿಡುವುದಿಲ್ಲ. "ನೆನಪಿಟ್ಟುಕೊಳ್ಳಿ" ಅಂತ ಊರಿಗೆಲ್ಲ ಹೇಳಿ ಸುಮ್ಮನಾಗಲಿಲ್ಲ ಅವನು. ಇಂಥವನು ಮಾಡಬೇಕು, ಇಷ್ಟು ಜಮೀನಿನ ಆದಾಯದಲ್ಲಿ ಮಾಡಬೇಕು, ದಿನವೂ ಊಟಕ್ಕೆ ಕೂರುವ ಮುಂಚೆ ಮಾಡಬೇಕು. ಒಂದು ನಾಯಿಗೆ! ಮೂಲ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಹೋದಾಗ ನೋಡಿ ಬನ್ನಿ. ಬೆಂಗಳೂರು ಅಂದಾಗ ಇನ್ನೊಂದು. ಬೇಗೂರಿನ ಗುಡಿಯಲ್ಲಿರುವ ಶಾಸನ ಗೊತ್ತಲ್ಲ? ಬೆಂಗಳೂರಿನ ಹೆಸರು ಕಾಣಿಸುವ ಹಳೆಯ ಬರಹ ಅದೇ. ಅದರಲ್ಲಿ ಏನಿದೆ? ನಾಗತ್ತರನ ಮಗ ಬುಟ್ಟನಶೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತ ಅಂತ. ಇಷ್ಟು ದೊಡ್ಡ ನಗರದ ಹೆಸರು ಮೊದಲು ಉಳಿದದ್ದು ಸತ್ತ ಒಬ್ಬ ಕಾದಾಳುವಿನ ಕಲ್ಲಿನಲ್ಲಿ. ಯಾರಾದರೂ ಅವನ ಮೇಲೆ ಅತ್ತರೋ ಇಲ್ಲವೋ, ಆ ಕಣ್ಣೀರು ಆವತ್ತೇ ಒಣಗಿತು. ಬರೆದವನ ದುಡಿಮೆ ಉಳಿಯಿತು.

ನಮ್ಮ ಕಾಲದ ಕಲ್ಲು ಯಾವುದು ಅಂದರೆ ಫ್ಲೆಕ್ಸು. ನನ್ನ ಶಿಷ್ಯನ ಹೆಸರನ್ನು ಊರಿನ ರಸ್ತೆಗೆ ಇಟ್ಟರು, ಬೋರ್ಡು ಹಾಕಿದರು. ಈಗ ಆ ಬೋರ್ಡಿನ ಮುಂದೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿರುತ್ತಾರೆ, ಒಂದು ಹರಿದರೆ ಇನ್ನೊಂದು. ಆಯಮ್ಮ ಆ ದಾರಿಯಲ್ಲೇ ಹಾಲಿನ ಡೈರಿಗೆ ಹೋಗಬೇಕು.

ನಾನು ಒಂದು ಸಣ್ಣ ಕೆಲಸ ಮಾಡಿದೆ, ಹೇಳುತ್ತೇನೆ. ಅಪ್ಪು ಹೋದ ಮಾರನೇ ವರ್ಷ, ಶಿಷ್ಯನ ದಿನಕ್ಕೆ, ನಮ್ಮ ಶಾಲೆಯ ಏಳೆಂಟು ಮಕ್ಕಳನ್ನು ಆಯಮ್ಮನ ಮನೆಗೆ ಕರೆದುಕೊಂಡು ಹೋದೆ. ಒಬ್ಬೊಬ್ಬರೂ ಒಂದು ಪ್ರಶ್ನೆ ಕೇಳಬೇಕು, ಉತ್ತರ ಬರೆದುಕೊಳ್ಳಬೇಕು. ಒಂದು ಹುಡುಗಿ ಕೇಳಿದಳು, "ಅವ್ರಿಗೆ ಯಾವ ಸಾರು ಇಷ್ಟ ಅಜ್ಜಿ?" ಬಸ್ಸಾರು, ಮುದ್ದೆ ಅಂದರು. ಒಬ್ಬ ಹುಡುಗ, "ಲೆಕ್ಕದಲ್ಲಿ ಎಷ್ಟು ತೆಗೀತಿದ್ರು?" ಅಂದ. ಆಯಮ್ಮ, "ಇಲ್ಲೇ ಅವ್ರಲ್ಲ ಮೇಷ್ಟ್ರು, ಅವ್ರನ್ನೇ ಕೇಳು" ಅಂದು ಎಷ್ಟೋ ವರ್ಷದ ಮೇಲೆ ಜೋರಾಗಿ ನಕ್ಕರು. ಲೆಕ್ಕದಲ್ಲಿ ಅವನು ಪಾಸಾದದ್ದೇ ದೊಡ್ಡದು ಅಂತ ನಾನು ಹೇಳಿದಾಗ ಆ ಹುಡುಗನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮೂರನೇ ಮಗು ಕೇಳಿತು, "ಅವ್ರ ದನಿ ಹೆಂಗಿತ್ತು?" ನಾನು ಹೆದರಿದೆ. ಆಯಮ್ಮ ಕಣ್ಣು ಮುಚ್ಚಿಕೊಂಡು ಕೂತರು. ಆಮೇಲೆ ಹೇಳಿದರು: "ಎತ್ತಿಗೆ ಹೋ ಅಂತಿದ್ದ. ಮೂರ್ ಗದ್ದೆ ಆಚೆಗ್ ಕೇಳ್ಸೋದು." ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅದು ಈಗ ಬರೆದಿದೆ. ಪ್ರತಿವರ್ಷ ಹೊಸ ಮಕ್ಕಳು, ಹೊಸ ಪ್ರಶ್ನೆ. ಕಲ್ಲಿಗೆ ಪೂಜೆ ಅಂದರೆ ನನಗೆ ಅರ್ಥವಾದದ್ದು ಇದು.

ಪ್ರಾಂಶುಪಾಲರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ಬರೆದುಕೊಂಡು ಬಂದದ್ದರಲ್ಲಿ ಅರ್ಧ ಹಾಗೇ ಉಳಿಯಿತು. ಕೊಡಗಿನ ಅಜ್ಜಮಾಡ ದೇವಯ್ಯನವರ ವಿಷಯ ಪೂರ್ತಿ ಹೇಳಬೇಕು ಅಂತಿದ್ದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲೇ ಅವರ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ಮಡಿದವರು. ಆ ಸತ್ಯ ಹೊರಗೆ ಬಂದು, ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷದ ಮೇಲೆ. ಬಗೆದು ತೆಗೆದವರು ಇದ್ದುದರಿಂದ ಸಿಕ್ಕಿತು. ಇನ್ನು ಪೊಲೀಸರದ್ದು. ಗುರು ಅವರಂಥ ಸಿಆರ್‌ಪಿಎಫ್‌ನವರಿಗೆ ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನವೂ ಇದೆ, ಅದನ್ನು ಕಾಲೇಜುಗಳಲ್ಲಿ ಯಾಕೆ ಮಾಡುವುದಿಲ್ಲ? 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು ಹೋದಾಗ ನಡೆದ ಗಲಭೆಯಲ್ಲಿ ಒಬ್ಬ ಪೊಲೀಸ್ ಪೇದೆಯ ಜೀವವೂ ಹೋಯಿತು. ಅಳುವ ಜನರ ನಡುವೆಯೇ ಹೋಯಿತು. ಅದನ್ನು ನೆನೆಯದೆ ಈ ವಿಷಯ ಮಾತಾಡುವುದು ನನಗೆ ಕಷ್ಟ.

ಅಭಿಮಾನಿಗಳಿಗೆ ಒಂದು ಮಾತು. ನಿಮ್ಮನ್ನು ಬೈಯುವವರ ಜೊತೆ ನಾನಿಲ್ಲ, ನಿಮ್ಮಿಂದ ಕಲಿಯಬೇಕು ಅನ್ನುವವನು. ಅಣ್ಣಾವ್ರು ಕಣ್ಣು ಕೊಟ್ಟರು, ಅಪ್ಪು ಕಣ್ಣು ಕೊಟ್ಟರು, ಅಪ್ಪು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ನೀವು ಸಾಲುಗಟ್ಟಿದಿರಿ. ವರ್ಷ ವರ್ಷ ಅನ್ನದಾನ, ರಕ್ತದಾನ ಮಾಡುತ್ತೀರಿ. ಮಣಲೇರ ಹೇಳಿದ್ದು ಇದನ್ನೇ. ಅಳುವನ್ನು ಕೆಲಸಕ್ಕೆ ತಿರುಗಿಸುವುದು ನಿಮಗೆ ಗೊತ್ತಿದೆ. ನಿಮ್ಮ ಸಂಘದ ಪಟ್ಟಿಯಲ್ಲಿ ನಿಮ್ಮ ಹೋಬಳಿಯ ಒಬ್ಬ ಯೋಧನ ಮನೆಯನ್ನೂ ಸೇರಿಸಿಕೊಳ್ಳಿ.

ನನ್ನ ಶಿಷ್ಯನ ಹೆಸರನ್ನು ಇಷ್ಟು ಹೊತ್ತೂ ನಾನು ಹೇಳಲಿಲ್ಲ. ನಿನ್ನೆ ಹೋಗಿ ಕೇಳಿದ್ದೆ, ಹೇಳಲಾ ಅಂತ. "ಭಾಸ್ಣದಲ್ಲಿ ಬ್ಯಾಡ ಮೇಷ್ಟ್ರೇ. ಮನೆಗೆ ಬಂದೋರಿಗೆ ನಾನೇ ಹೇಳ್ತೀನಿ" ಅಂದರು. ಸಭೆ ಮುಗಿದ ಮೇಲೆ ಯಾರಿಗೆ ಬೇಕೋ ಬನ್ನಿ, ಊರು, ದಾರಿ ಬರೆದುಕೊಡುತ್ತೇನೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಬೆಳಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಆಯಮ್ಮ ಹಸು ಹೊಡೆದುಕೊಂಡು ಗದ್ದೆ ಕಡೆ ಹೊರಟುಬಿಡುತ್ತಾರೆ.