ಈ ದೆವ್ವ ಬರುವುದು ಡ್ಯೂಟಿ ಟೈಮಲ್ಲಿ

[ತೆರೆಯ ಮೇಲೆ: ರೈಲ್ವೆ ಸುರಂಗದ ಬಾಯಿ, ಪಕ್ಕದಲ್ಲಿ ಕೆಂಪು ದೀಪ]

ನಮಸ್ಕಾರ. ಇಂಗ್ಲಿಷಿನ ದೆವ್ವದ ಕಥೆ ಅಂದರೆ ಪಾಳುಬಿದ್ದ ಕೋಟೆ, ಕಿರುಗುಟ್ಟುವ ಬಾಗಿಲು, ನಮ್ಮ ಮೋಹಿನಿಯ ಬಿಳಿ ಸೀರೆ ಬದಲು ಬಿಳಿ ಗೌನು, ಅಲ್ವಾ? 1866ರ ಕ್ರಿಸ್‌ಮಸ್‌ಗೆ ಚಾರ್ಲ್ಸ್ ಡಿಕನ್ಸ್ ಬರೆದ ‘ದಿ ಸಿಗ್ನಲ್‌ಮನ್’ ಕಥೆಯಲ್ಲಿ ಇದ್ಯಾವುದೂ ಇಲ್ಲ. ಕೊನೆವರೆಗೂ ಹೇಳಿಬಿಡುತ್ತೇನೆ. ಬೇಡ ಅನ್ನುವವರು ವಿಡಿಯೋ ನಿಲ್ಲಿಸಿ, ಓದಿಕೊಂಡು ಬನ್ನಿ.

ಗುಡ್ಡ ಕಡಿದು ಹಾಕಿದ ರೈಲು ಹಳಿ. ಎರಡೂ ಕಡೆ ನೀರು ಜಿನುಗುವ ಕಲ್ಲಿನ ಗೋಡೆ. ಅಲ್ಲೊಬ್ಬನೇ ಸಿಗ್ನಲ್‌ಮನ್. ಸುರಂಗದ ಕೆಂಪು ದೀಪದ ಹತ್ತಿರ ಅವನಿಗೆ ಯಾರೋ ಕಾಣಿಸುತ್ತಾರೆ. ಎಡಗೈ ಮುಖಕ್ಕೆ ಅಡ್ಡ, ಬಲಗೈ ಜೋರಾಗಿ ಬೀಸುತ್ತಿದೆ. ಆರು ಗಂಟೆಯೊಳಗೆ ಆ ಲೈನಿನಲ್ಲಿ ದೊಡ್ಡ ಅಪಘಾತ. ಎರಡನೇ ಸಲ ಕಂಡಾಗ, ರೈಲಿನೊಳಗೆ ಒಬ್ಬ ಯುವತಿ ಸಾಯುತ್ತಾಳೆ. ಈಗ ಮತ್ತೆ ಬಂದಿದೆ.

ನನಗೆ ಭಯವಾಗಿದ್ದು ದೆವ್ವ ನೋಡಿ ಅಲ್ಲ, ಇವನ ಪಾಡು ನೋಡಿ. ಮುಂದೆ ಟೆಲಿಗ್ರಾಫ್ ಇದೆ. ‘ಅಪಾಯ, ಹುಷಾರು’ ಅಂತ ತಂತಿ ಕಳಿಸಬಹುದು. ‘ಏನು ಅಪಾಯ? ಎಲ್ಲಿ?’ ಅಂತ ಆ ಕಡೆಯವರು ಕೇಳಿದರೆ? ದೆವ್ವ ಬಂದಿತ್ತು ಅನ್ನೋಕಾಗುತ್ತಾ? ಕೆಲಸ ಹೋಗುತ್ತದೆ. ಸುಮ್ನೆ ಇದ್ದರೆ ಯಾರದೋ ಜೀವ ಹೋಗುತ್ತದೆ. ಜನ ನಂಬುವಂಥ, ಅಧಿಕಾರ ಇರುವಂಥ ಯಾರ ಹತ್ತಿರವಾದರೂ ಹೋಗಬಾರದಿತ್ತಾ ಈ ದೆವ್ವ, ನನ್ನ ಹತ್ತಿರವೇ ಯಾಕೆ ಬಂತು ಅಂತ ಗೋಳಾಡುತ್ತಾನೆ ಪಾಪ.

[ತೆರೆಯ ಮೇಲೆ: 9 ಜೂನ್ 1865, ಸ್ಟೇಪಲ್‌ಹರ್ಸ್ಟ್]

ಈ ಕಥೆಗೆ ಒಂದೂವರೆ ವರ್ಷ ಮುಂಚೆ ಡಿಕನ್ಸ್ ಇದ್ದ ರೈಲು ಕೆಂಟ್ ಪ್ರಾಂತ್ಯದ ಒಂದು ಸೇತುವೆ ಮೇಲೆ ಹಳಿ ತಪ್ಪಿತ್ತು. ರಿಪೇರಿಗೆ ಅಂತ ಅಲ್ಲಿ ಹಳಿ ಕಿತ್ತಿದ್ದರು. ಮೇಸ್ತ್ರಿ ಟೈಮ್‌ಟೇಬಲ್ ನೋಡುವಾಗ ಎಡವಟ್ಟು ಮಾಡಿಕೊಂಡಿದ್ದ. ಕೆಂಪು ಬಾವುಟದವನು 1000 ಗಜ ದೂರ ನಿಲ್ಲಬೇಕಿತ್ತು, ನಿಂತಿದ್ದು 554 ಗಜದಲ್ಲಿ. ಬಾವುಟ ಕಂಡು ಬ್ರೇಕ್ ಹಾಕುವಷ್ಟರಲ್ಲಿ ತಡವಾಗಿತ್ತು. 10 ಜನ ಸತ್ತರು. ಡಿಕನ್ಸ್ ತಮ್ಮ ಟೋಪಿಯಲ್ಲೇ ನೀರು ತಂದು ಗಾಯಾಳುಗಳಿಗೆ ಕೊಟ್ಟರು. ಎಚ್ಚರಿಕೆ ಇತ್ತು, ಉಪಯೋಗಕ್ಕೆ ಬರಲಿಲ್ಲ. ಸಿಗ್ನಲ್‌ಮನ್‌ನ ಕಥೆಯೂ ಅದೇ ತಾನೇ?

ಕೊನೆಗೆ ಸಾಯುವವನು ಆ ಸಿಗ್ನಲ್‌ಮನ್ನೇ, ಎಂಜಿನ್‌ಗೆ ಸಿಕ್ಕಿ. ಅದರ ಡ್ರೈವರ್ ನೋಡಲಾಗದೆ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು, ಇನ್ನೊಂದು ಕೈ ಬೀಸುತ್ತಾ ಕೂಗಿದ್ದನಂತೆ. ಹಾಗಾದರೆ ಸಿಗ್ನಲ್‌ಮನ್‌ಗೆ ಮೊದಲೇ ಕಂಡಿದ್ದು ಸತ್ತವರ ದೆವ್ವವೋ, ಬದುಕಿರುವ ಈ ಡ್ರೈವರೋ? ಡಿಕನ್ಸ್ ಬಾಯಿಬಿಡುವುದಿಲ್ಲ. ನಿಮಗೇನನ್ನಿಸಿತು, ಕೆಳಗೆ ಬರೆಯಿರಿ.